ಅಕ್ಕನ ಖಾತೆಯಲ್ಲಿ ಯಾರಿದ್ದಾರೆ?

"ಆ ಪ್ಲಗ್ ಮುಟ್ಟಿದ್ರೆ ಕೈ ಮುರೀತೀನಿ!"

ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳುವಂತೆ ಅವಳು ಕೂಗಿದ್ದಳು. ಗೋಡೆಯ ಬಳಿ ಮಂಡಿಯೂರಿದ್ದವನು ಬೆಚ್ಚಿಬಿದ್ದು ಕೈ ಹಿಂದೆಳೆದುಕೊಂಡ. ಕೊರಳಲ್ಲಿ ಕೇಬಲ್ಲಿನ ಸುರುಳಿ, ಕಂಕುಳಲ್ಲಿ ಹಳೆಯ ಕಂಪ್ಯೂಟರ್.

"ಕ್ಷಮಿಸಿ... ಯಾವುದೋ ಫ್ಯಾನಿಂದು ಅಂದ್ಕೊಂಡೆ."

"ಫ್ಯಾನಾ? ಅದರ ಇನ್ನೊಂದು ತುದೀಲಿ ಮನುಷ್ಯರ ರಕ್ತ ಓಡ್ತಿದೆ ಕಣ್ರೀ!"

ಅವನ ಮುಖ ಬಿಳುಚಿಕೊಂಡಿತು. ಅದು ಕಿಡ್ನಿ ಕೈಕೊಟ್ಟವರ ವಾರ್ಡು. ದಿನ ಬಿಟ್ಟು ದಿನ ಬಂದು, ಕುರ್ಚಿಗೆ ಒರಗಿ, ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸಿಕೊಂಡು ಹೋಗುವವರು ಅವರೆಲ್ಲ. ಆ ಯಂತ್ರಗಳನ್ನು ನೋಡಿಕೊಳ್ಳುವುದು ಅವಳ ಕೆಲಸ.

ಕಿಟಕಿ ಪಕ್ಕದ ಕುರ್ಚಿಯಿಂದ ನಗು ತೇಲಿಬಂತು.

"ಪುಟ್ಟೀ, ಬಿಡೇ ಪಾಪ! ಪ್ಲಗ್ಗಪ್ಪ ಹೆದರಿ ನನ್ನ ಪಕ್ಕದ ಕುರ್ಚಿಗೇ ಅಡ್ಮಿಟ್ ಆಗಿಬಿಟ್ಟಾನು!"

ನಕ್ಕವಳು ಅಕ್ಕ. ಪುಟ್ಟಿಯ ಸ್ವಂತ ಅಕ್ಕ. ತಾಯಿ ಹೋದ ಮೇಲೆ ತಲೆ ಬಾಚಿ, ಬೈದು, ಓದಿಸಿ, ತನ್ನ ಮದುವೆಯನ್ನೇ ಮರೆತವಳು. ಈಗ ಅವಳ ಕಿಡ್ನಿ ಎರಡೂ ಸೋತಿದ್ದವು, ನಾಲಿಗೆ ಮಾತ್ರ ಸೋತಿರಲಿಲ್ಲ. ಪ್ಲಗ್ಗಪ್ಪ ಎಂಬ ಹೆಸರು ಅಂದೇ ಅವನಿಗೆ ಅಂಟಿಕೊಂಡಿತು.

ಅವನು ಬಂದದ್ದಕ್ಕೆ ಕಾರಣವಿತ್ತು. ವಾರ್ಡಿನ ದರ್ಜಿ ಅಣ್ಣ ಕೊಳವೆ ಚುಚ್ಚಿಸಿಕೊಂಡು ಮಲಗಿದ್ದ ಫೋಟೋವನ್ನು ಯಾರೋ ಪುಣ್ಯಾತ್ಮರು ದೊಡ್ಡ ಜಾಲತಾಣಕ್ಕೆ ಏರಿಸಿದ್ದರು. 'ಇವನಿನ್ನು ಎಷ್ಟು ದಿನವೋ' ಎಂದು ಗಿರಾಕಿಗಳೆಲ್ಲ ಬೇರೆ ಅಂಗಡಿ ಹಿಡಿದರು. ಅದಕ್ಕೇ ಡಾಕ್ಟರು ತೀರ್ಮಾನಿಸಿದ್ದರು: ನಮ್ಮ ವಾರ್ಡಿಗೆ ನಮ್ಮದೇ ಜಾಲತಾಣ, ಹೊರಗಿನವರಿಗೆ ಪ್ರವೇಶವಿಲ್ಲ! ಅದನ್ನು ಕಟ್ಟಿಕೊಡಲು ಬಂದವನು ಇವನು.

"ಇದರ ಒಡೆಯ ಯಾರು?" ದರ್ಜಿ ಅಣ್ಣ ಅನುಮಾನದಿಂದ ಕೇಳಿದ್ದ.

"ಯಾರೂ ಅಲ್ಲ. ಇದರ ಪ್ರೋಗ್ರಾಂ ಬರೆದವರು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಬೇಕಾದ ಹಾಗೆ ಬದಲಾಯಿಸ್ಕೊಬಹುದು."

"ಅಂದ್ರೆ ಬಟ್ಟೆ ಅವರದು, ಅಳತೆ ನಮ್ಮದು!"

ಅಳತೆ ಕೊಟ್ಟವಳು ಅಕ್ಕ. ಬರೆಯುವ ಜಾಗದಲ್ಲಿ 'ಹೇಗಿದ್ದೀರಿ?' ಎಂದಿದ್ದದ್ದು ಅವಳಿಗೆ ಹಿಡಿಸಲಿಲ್ಲ.

"ಹೇಗಿರ್ತೀವಿ, ನೋಡಿದ್ರೆ ಕಾಣಲ್ವಾ? 'ಇವತ್ತು ಯಾರ ಮೇಲೆ ಸಿಟ್ಟು?' ಅಂತ ಹಾಕಪ್ಪ. ಆಗ ಎಲ್ಲರೂ ಬರೀತಾರೆ. ಮತ್ತೆ ಈ ಲೈಕು ಯಾಕೆ? ಒಬ್ಬರಿಗೆ ಜ್ವರ ಬಂದ್ರೆ ಇನ್ನೊಬ್ಬರು ಲೈಕ್ ಮಾಡೋದಾ? ತೆಗಿ ಅದನ್ನ."

"ಅಲ್ಲಿ ಏನು ಹಾಕ್ಲಿ?"

"'ಇದ್ದೀನಿ' ಅಂತ ಹಾಕು. ಅಷ್ಟು ಗೊತ್ತಾದ್ರೆ ಸಾಕು ನಮಗೆ."

ಅವನು ಹಾಗೇ ಮಾಡಿದ. ವಾರ್ಡಿನ ಜಾಲತಾಣ ಬೈಗುಳದಿಂದ ತುಂಬಿಹೋಯಿತು. ಉಗ್ರಾಣದ ಪಕ್ಕದ ಕಿರುಕೋಣೆಯಲ್ಲಿ ಆ ಹಳೆಯ ಕಂಪ್ಯೂಟರ್ ಹಗಲಿಡೀ ಗುಯ್‌ಗುಡುತ್ತಿತ್ತು. ಪ್ಲಗ್ಗಪ್ಪ ಬಂದು ಹೋಗುವುದು ಹೆಚ್ಚಾಯಿತು. ಬಂದಾಗಲೆಲ್ಲ ಅವನ ಕಣ್ಣು ಕಿಟಕಿಯ ಕಡೆಗೇ ಹೋಗುವುದನ್ನು ಪುಟ್ಟಿ ಗಮನಿಸಿದ್ದಳು. ಆ ಕಿಟಕಿಯ ಬಳಿ ಅಕ್ಕನ ಜೊತೆ ಹೆಚ್ಚು ಹೊತ್ತು ನಿಂತಿರುತ್ತಿದ್ದವಳು ತಾನೇ ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಆಮೇಲೆ ಆ ದಿನ ಬಂತು. ಪುಟ್ಟಿ ತನ್ನದೊಂದು ಕಿಡ್ನಿಯನ್ನು ಅಕ್ಕನಿಗೆ ಕೊಟ್ಟಳು. ದೂರದ ದೊಡ್ಡ ಆಸ್ಪತ್ರೆ. ಅಕ್ಕ ನಗುತ್ತಲೇ ಒಳಗೆ ಹೋದಳು.

ಅಕ್ಕನ ದೇಹ ಆ ಕಿಡ್ನಿಯನ್ನು ಒಪ್ಪಲಿಲ್ಲ. ಸೋಂಕು ಏರಿತು. ಒಂದು ಬೆಳಗ್ಗೆ ಎಲ್ಲ ಮುಗಿದೇಹೋಯಿತು.

ಪಕ್ಕೆಯ ಗಾಯ ಮಾಗಿದ ಮೇಲೆ ಪುಟ್ಟಿ ಕೆಲಸಕ್ಕೆ ಮರಳಿದಳು. ಬಾಗಿಲಲ್ಲೇ ದರ್ಜಿ ಅಣ್ಣ ಹಿಡಿದುಕೊಂಡ. ಆ ವಾರ್ಡಿನಿಂದ ಆಪರೇಷನ್ನಿಗೆ ಹೋದವರಲ್ಲಿ ಅಕ್ಕನೇ ಮೊದಲಿಗಳು. ಮುಂದಿನವನು ಅವನೇ. ಕಿಡ್ನಿ ಕೊಡಲು ಅವನ ಹೆಂಡತಿ ಸಿದ್ಧಳಾಗಿದ್ದಳು.

"ಅಕ್ಕ ಹೇಗಿದ್ದಾಳೆ?"

ಅವನ ಕಣ್ಣಲ್ಲಿದ್ದ ಆಸೆ ನೋಡಿ ಪುಟ್ಟಿಯ ಬಾಯಿ ತಾನಾಗಿಯೇ ಆಡಿಬಿಟ್ಟಿತು.

"ಚೆನ್ನಾಗಿದ್ದಾಳೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು! ನಿಜ ಗೊತ್ತಿದ್ದದ್ದು ಡಾಕ್ಟರಿಗೊಬ್ಬರಿಗೆ. 'ನಿನ್ನ ಮನೆಯ ಸಾವು, ನೀನೇ ಹೇಳಮ್ಮ, ಆದಾಗ ಹೇಳು' ಎಂದು ಅವರು ಸುಮ್ಮನಾಗಿದ್ದರು. ಅವಳಿಗೆ ಆಗಲೇ ಇಲ್ಲ.

ಆಡಿದ ಸುಳ್ಳನ್ನು ಉಳಿಸಿಕೊಳ್ಳಲು ಅಂದು ಕೌಂಟರಿನ ಕಂಪ್ಯೂಟರಿನಲ್ಲಿ ಅವಳು ಅಕ್ಕನ ಖಾತೆ ತೆರೆಯಲು ಹೊರಟಳು. ಪಾಸ್‌ವರ್ಡ್ ಊಹಿಸಿ ಊಹಿಸಿ ತಪ್ಪಿದ ಮೇಲೆ ಖಾತೆಗೆ ಬೀಗ ಬಿತ್ತು. ಬೇಸತ್ತು ಎದ್ದುಹೋದಳು. ಮಾರನೆಯ ದಿನ ನೋಡಿದರೆ ಬೀಗವಿಲ್ಲ! ಈ ಸಲ ತನ್ನದೇ ಹುಟ್ಟಿದ ದಿನವನ್ನು ಒತ್ತಿದಳು. ಖಾತೆ ತೆರೆದುಕೊಂಡಿತು. ಅಕ್ಕನ ಗುಟ್ಟೆಂದರೆ ಅಷ್ಟೇ... ತಂಗಿಯ ಹುಟ್ಟಿದ ದಿನ. ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು.

ಅತ್ತು ಮುಗಿದ ಮೇಲೆ ದರ್ಜಿ ಅಣ್ಣನ ಬೈಗುಳದ ಕೆಳಗೆ ಒತ್ತಿದಳು: ಇದ್ದೀನಿ.

ವಾರ್ಡಿಡೀ ಸಂಭ್ರಮ. "ಅಕ್ಕ ಬಂದ್ಲು! ಅಕ್ಕ ಬಂದ್ಲು!"

ಅಂದಿನಿಂದ ಪುಟ್ಟಿ ದಿನವೂ ಅಕ್ಕನಾದಳು. ಕೆಲವು ದಿನಗಳಲ್ಲೇ ಅಕ್ಕನ ಖಾತೆಗೆ ಖಾಸಗಿ ಸಂದೇಶಗಳೂ ಬರತೊಡಗಿದವು. ಬರೆದವನು ಪ್ಲಗ್ಗಪ್ಪ.

'ಈಗ ವಾರ್ಡಿನಲ್ಲಿ ಬೈಯುವವರೇ ಇಲ್ಲ. ಬೈಸಿಕೊಳ್ಳದೆ ನನಗೆ ಕೆಲಸ ಸಾಗುವುದಿಲ್ಲ.'

'ನಿದ್ದೆ ಬರ್ತಿದೆಯಾ? ಎಲ್ಲವನ್ನೂ ಒಬ್ಬರೇ ಹೊರಬೇಡಿ.'

ಪುಟ್ಟಿ ಮತ್ತೆ ಮತ್ತೆ ಓದಿದಳು. ಇವನು ಅಕ್ಕನನ್ನು ಪ್ರೀತಿಸುತ್ತಿದ್ದಾನೆ! ಸತ್ತವಳನ್ನು...

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಉತ್ತರ ಬರೆದಳು. ಮತ್ತೆ ಬರೆದಳು. ಬರಬರುತ್ತ ಆ ಸಂದೇಶಗಳಿಲ್ಲದೆ ದಿನ ಹೋಗುವುದೇ ಕಷ್ಟವಾಯಿತು. ಎದುರಿಗೆ ಬಂದರೆ ಅವನು ತಲೆ ತಗ್ಗಿಸಿ 'ನಮಸ್ತೆ' ಎಂದು ಹೋಗುತ್ತಿದ್ದ. ಇವಳೂ ಮುಖ ಗಂಟಿಕ್ಕುತ್ತಿದ್ದಳು. ಸತ್ತ ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡುವ ಪಾಪಿ ತಾನೊಬ್ಬಳೇ ಇರಬೇಕು ಎಂದು ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು.

ಒಮ್ಮೆ ಅವನು ಬರೆದ: 'ನಿಮ್ಮ ತಂಗಿ ಊಟದ ಡಬ್ಬಿ ತೆರೆಯದೆ ಹಾಗೇ ವಾಪಸ್ ಒಯ್ಯುತ್ತಾರೆ. ಸ್ವಲ್ಪ ಬೈದು ಹೇಳಿ.'

'ಅವಳು ಮೊಂಡಿ. ನನ್ನ ಮಾತೂ ಕೇಳಲ್ಲ.'

'ಹಾಗಾದರೆ ಯಾರ ಮಾತು ಕೇಳ್ತಾರೆ?'

ಅವಳು ಖಾತೆ ಮುಚ್ಚಿದಳು. ಆ ಮಧ್ಯಾಹ್ನ ಡಬ್ಬಿ ತೆರೆದು ನಾಲ್ಕು ತುತ್ತು ತಿಂದಳು.

ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಒಂದು ದಿನ ದರ್ಜಿ ಅಣ್ಣನ ಸಂದೇಶ ಬಂತು.

'ಅಕ್ಕಾ, ಆಪರೇಷನ್ನಿಗೆ ನಾಳೆ ಒಪ್ಪಿಗೆ ಹೇಳಬೇಕು. ನನ್ನ ಹೆಂಡತಿಯ ದೇಹ ಕೊಯ್ಯುವ ಮಾತು. ಡಾಕ್ಟರ ಮಾತು ಬೇಡ, ನಿನ್ನ ಮಾತು ಸಾಕು. ನೀನು ಹೂಂ ಅಂದರೆ ನಾನೂ ಹೂಂ.'

ಹೂಂ ಅಂದರೆ ಹೆಣದ ಬಾಯಲ್ಲಿ ಸುಳ್ಳು ಹೇಳಿಸಿದಂತೆ. ಉಹೂಂ ಅಂದರೆ ಬದುಕಬಹುದಾದವನನ್ನು ತಡೆದಂತೆ. ಪುಟ್ಟಿ ಕಿರುಕೋಣೆಗೆ ಓಡಿದಳು.

"ಅಕ್ಕನ ಖಾತೆ ಅಳಿಸಿ! ಈಗಲೇ!"

ಪ್ಲಗ್ಗಪ್ಪ ಕೇಬಲ್ ಕೆಳಗಿಟ್ಟು ಎದ್ದು ನಿಂತ. "ಅಳಿಸಿದ್ರೆ ಅವರು ಬರೆದಿದ್ದೆಲ್ಲ ಹೋಗುತ್ತೆ. ಒಂದು ಬೈಗುಳಾನೂ ಉಳಿಯಲ್ಲ."

"ಹೋಗ್ಲಿ! ನಿಮಗ್ಯಾಕೆ ಅಷ್ಟು ಸಂಕಟ? ಅವಳನ್ನ ಪ್ರೀತಿಸ್ತೀರಲ್ವಾ? ಕೇಳಿ ಹಾಗಾದ್ರೆ... ಅವಳಿಲ್ಲ! ನನ್ನ ಕಿಡ್ನಿ ಅವಳನ್ನ ಕೊಂದುಹಾಕ್ತು! ನೀವು ಬರೆದಿದ್ದನ್ನೆಲ್ಲ ಓದಿದ್ದು ನಾನು!"

"ಗೊತ್ತು."

"ಏನು ಗೊತ್ತು?"

"ಖಾತೆಗೆ ಬೀಗ ಬಿದ್ರೆ ನನಗೆ ತಿಳಿಯುತ್ತೆ," ಅವನು ನೆಲ ನೋಡುತ್ತ ಹೇಳಿದ. "ತೆಗೆದಿದ್ದು ನಾನೇ. ದೂರದ ಆಸ್ಪತ್ರೇಲಿರೋರ ಖಾತೆ ನಮ್ಮ ಕೌಂಟರಿಂದ ಯಾಕೆ ತೆರೆಯುತ್ತೆ ಅಂತ ಡಾಕ್ಟರನ್ನ ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸ್ಕೊಂಡ್ರು. ಆಮೇಲೆ ನಾನು ಬರೆದಿದ್ದೆಲ್ಲ... ನಿಮಗೇ."

"ನನಗೆ?"

"ನಿಮಗೇ. ಕೈ ಮುರೀತೀನಿ ಅಂದ್ರಲ್ಲ, ಆವತ್ತಿಂದ ನಿಮ್ಮನ್ನೇ..."

ಪುಟ್ಟಿಗೆ ಸಂತೋಷವಾಗಲಿಲ್ಲ. ಸಿಟ್ಟು ಉಕ್ಕಿಬಂತು. "ಅಂದ್ರೆ ನಾನು ಹೆಣದ ವೇಷ ಹಾಕ್ಕೊಂಡು ಕುಣೀತಿದ್ದಿದ್ದನ್ನ ನೋಡ್ತಾ ಕೂತಿದ್ರಿ!"

"ತಪ್ಪೇ. ಗೊತ್ತು ಅಂದುಬಿಟ್ರೆ ನೀವು ಬರೆಯೋದನ್ನೇ ಬಿಟ್ಬಿಡ್ತೀರಿ ಅಂತ ಹೆದರಿದೆ. ದರ್ಜಿ ಅಣ್ಣನ ದಿನ ಹತ್ತಿರ ಬರ್ತಿದ್ದಾಗಲೂ ಬಾಯಿ ಬಿಡಲಿಲ್ಲ. ಅದಂತೂ ದೊಡ್ಡ ತಪ್ಪು."

"ನಿಮ್ಮ ಮುಖ ನೋಡಲ್ಲ ನಾನು."

"ನೋಡ್ಬೇಡಿ. ದರ್ಜಿ ಅಣ್ಣನ ಮುಖ ನೋಡಿ. ಅವರಿಗೆ ಸುಳ್ಳು ಬೇಡ... ನೀವೇ ಹೇಳಿ."

ದರ್ಜಿ ಅಣ್ಣ ಕುರ್ಚಿಯಲ್ಲಿದ್ದ. ಕೈಯಿಂದ ಯಂತ್ರಕ್ಕೆ ಕೆಂಪು ಕೊಳವೆ. ಪಕ್ಕದ ಸ್ಟೂಲಿನಲ್ಲಿ ಹೆಂಡತಿ. ಪುಟ್ಟಿ ಅವರ ಮುಂದೆ ಕುಸಿದು ಕುಳಿತಳು. ಎಲ್ಲವನ್ನೂ ಹೇಳಿದಳು.

ದರ್ಜಿ ಅಣ್ಣ ಮುಖವನ್ನು ಗೋಡೆಗೆ ತಿರುಗಿಸಿದ.

"ಹೋದ ವಾರ ನನ್ನ ಮಗಳಿಗೆ ಹೇಳಿದ್ದೆ... ಅಕ್ಕನ ಹಾಗೆ ನಾನೂ ಎದ್ದು ಓಡಾಡ್ತೀನಿ ಅಂತ."

ಅವನ ಹೆಂಡತಿ ಮಾತ್ರ ಪುಟ್ಟಿಯನ್ನೇ ದಿಟ್ಟಿಸಿ ನೋಡುತ್ತಿದ್ದಳು.

"ಒಂದು ಕೇಳ್ತೀನಿ. ಹೀಗಾಗುತ್ತೆ ಅಂತ ಮೊದಲೇ ಗೊತ್ತಿದ್ರೆ, ಕೊಡ್ತಿದ್ಯೇನಮ್ಮ?"

ಆ ಪ್ರಶ್ನೆಯನ್ನು ಪುಟ್ಟಿ ತನಗೆ ತಾನೇ ಕೇಳಿಕೊಂಡಿರಲಿಲ್ಲ. ಉತ್ತರ ಮಾತ್ರ ತಟ್ಟನೆ ಬಂತು.

"ಕೊಡ್ತಿದ್ದೆ ಅತ್ತಿಗೆ. ಉಳಿದಿರೋದನ್ನ ಕೇಳಿದ್ರೂ ಕೊಡ್ತಿದ್ದೆ."

ಹೆಂಡತಿ ಗಂಡನ ಹೊದಿಕೆಯನ್ನು ಸರಿಮಾಡಿದಳು. "ಕೇಳಿಸ್ತಾ?" ಎಂದಳು ಅವನಿಗೆ, ಅಷ್ಟೇ.

"ನಾಳೆ ಹೂಂ ಅನ್ನಲ್ಲ," ದರ್ಜಿ ಅಣ್ಣ ಗೋಡೆಗೇ ಹೇಳಿದ. "ಮತ್ತೆ ಮೊದಲಿಂದ ಯೋಚನೆ ಮಾಡ್ತೀನಿ. ಈ ಸಲ ನಿಜ ಇಟ್ಕೊಂಡು."

ಪುಟ್ಟಿ ಕೌಂಟರಿಗೆ ಬಂದು ತನ್ನದೇ ಖಾತೆ ತೆರೆದಳು. ಅಷ್ಟು ದಿನ ಅದರಲ್ಲಿ ಒಂದಕ್ಷರವನ್ನೂ ಬರೆದಿರಲಿಲ್ಲ. 'ಇವತ್ತು ಯಾರ ಮೇಲೆ ಸಿಟ್ಟು?' ಎಂದು ಅಕ್ಕನ ಪ್ರಶ್ನೆ ಕಾಯುತ್ತಿತ್ತು.

'ನನ್ನ ಮೇಲೆ,' ಎಂದು ಬರೆದಳು. 'ಅಕ್ಕ ಆಪರೇಷನ್ ಆದ ಮೇಲೆ ತೀರಿಕೊಂಡಳು. ಅವಳ ಹೆಸರಲ್ಲಿ ಬರೆಯುತ್ತಿದ್ದದ್ದು ನಾನು. ನಿಮಗೆ ಧೈರ್ಯ ತುಂಬಲು ಅಂತ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಅವಳಿಲ್ಲದ ಮನೆಗೆ ಹೋಗಲು ನನಗೇ ಧೈರ್ಯವಿರಲಿಲ್ಲ.'

ವಾರ್ಡಿನವರೆಲ್ಲ ಓದಿದರು. ಯಾರೋ ಬಿಕ್ಕಿದರು, ಯಾರೋ ಬೈದರು. ಬೈದದ್ದು ನ್ಯಾಯವೇ ಆಗಿತ್ತು. ಅವಳು ತಲೆ ತಗ್ಗಿಸಿ ಯಂತ್ರಗಳನ್ನು ತೊಳೆದಳು. ಸಂಜೆ ಪರದೆ ನೋಡಿದಾಗ ಅವಳ ಮಾತಿನ ಕೆಳಗೆ ಕೆಲವರು ಒತ್ತಿದ್ದರು, ಇದ್ದೀನಿ. ಎಲ್ಲರೂ ಅಲ್ಲ. ದರ್ಜಿ ಅಣ್ಣ ಒತ್ತಿರಲಿಲ್ಲ. ಅವನ ಹೆಂಡತಿ ಒತ್ತಿದ್ದಳು.

ಪುಟ್ಟಿ ಅಕ್ಕನ ಖಾತೆಗೆ ಕೊನೆಯ ಸಲ ಹೋಗಲು ನೋಡಿದಳು. ತೆರೆಯಲಿಲ್ಲ. ಕಿರುಕೋಣೆಯ ಬಾಗಿಲಲ್ಲಿ ಪ್ಲಗ್ಗಪ್ಪ ನಿಂತಿದ್ದ.

"ಈಗ ಯಾರೂ ಒಳಗೆ ಹೋಗೋ ಹಾಗಿಲ್ಲ, ನಾನೂ ಹೋಗೋ ಹಾಗಿಲ್ಲ," ಎಂದ. "ಅವರು ಬರೆದಿದ್ದೆಲ್ಲ ಹಾಗೇ ಇರುತ್ತೆ. ನೀವು ಅವರ ಹೆಸರಲ್ಲಿ ಬರೆದಿದ್ದರ ಮೇಲೆ ಇನ್ಮುಂದೆ ನಿಮ್ಮ ಹೆಸರೇ ಇರುತ್ತೆ. ಸರೀನಾ?"

"ಸರಿ," ಎಂದಳು. "ಅವಳು ಬೈದಿದ್ದು ಯಾವುದು, ನಾನು ಬೈದಿದ್ದು ಯಾವುದು ಅಂತ ಎಲ್ಲರಿಗೂ ಗೊತ್ತಾಗ್ಲಿ. ಅವಳಷ್ಟು ಚೆನ್ನಾಗಿ ಬೈಯೋಕೆ ನನಗೆ ಬರಲ್ಲ."

ಅವನು ಒಳಗೆ ಹೋದ. ಅವಳು ಖಾಲಿ ಕಿಟಕಿ ಕುರ್ಚಿಯ ತುದಿಯಲ್ಲಿ ಕುಳಿತಳು. ಮೊಬೈಲು ಮಿಡುಕಿತು. ಈ ಸಲ ಸಂದೇಶ ಬಂದದ್ದು ಅವಳದೇ ಖಾತೆಗೆ, ಅವಳದೇ ಹೆಸರಿಗೆ.

'ಊಟ ಆಯ್ತಾ?'

ಅಕ್ಷರಗಳು ಕಣ್ಣೀರಲ್ಲಿ ಮಸುಕಾದವು. ಒರೆಸಿಕೊಂಡು ಬರೆದಳು.

'ಇಲ್ಲ. ಬೈಯೋಳು ಹೊರಟುಹೋದ್ಲಲ್ಲ.'

ಕಿರುಕೋಣೆಯ ಬಾಗಿಲು ತೆರೆಯಿತು. ಅವನು ತನ್ನ ಡಬ್ಬಿ ಹಿಡಿದು ಬಂದು, ಪ್ಲಗ್ಗುಗಳಿಂದ ದೂರವೇ ಸುತ್ತಿಕೊಂಡು, ಸ್ಟೂಲೊಂದನ್ನು ಎಳೆದು ಪಕ್ಕದಲ್ಲಿ ಕುಳಿತ.

"ನಾನಿದ್ದೀನಿ," ಎಂದ. "ಬೈಯೋಕೆ ಬರಲ್ಲ. ಕಲೀತೀನಿ."

"ಮುಖ ನೋಡಲ್ಲ ಅಂದಿದ್ದೆ ನಿಮಗೆ."

"ನೋಡ್ಬೇಡಿ. ತಿನ್ನಿ."

ಅವಳು ಡಬ್ಬಿಯನ್ನು ತೆಗೆದುಕೊಂಡಳು. ಆಮೇಲೆ ನಿಧಾನವಾಗಿ ತಲೆ ಎತ್ತಿ ಅವನ ಮುಖವನ್ನೇ ನೋಡಿದಳು.