ಪತ್ರದಲ್ಲಿ ಉಳಿದ ಜಾಗ

ಮೊದಲ ದಿನ ಗುರಲಿಂಗಪ್ಪ ಊರಿನಿಂದ ಬಂದ ಮೂವರಿಗೂ ಮುಂಬೈಯನ್ನೆಲ್ಲ ತೋರಿಸಿದ. ಗುರುಬಾಯಿಯ ಕಡೆ ಮಾತ್ರ ಒಮ್ಮೆಯೂ ನೋಡಲಿಲ್ಲ.

ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನಲ್ಲಿ, ಎಲ್ಲಕ್ಕೂ ಮುಂದಿನ ಸೀಟಿನಲ್ಲಿ ಅವಳನ್ನೂ ಅವಳ ತಾಯಿ ಚಂದ್ರವ್ವನನ್ನೂ ಕೂರಿಸಿದ. ಕಾಕಾ ಮುರಿಗೆಪ್ಪನಿಗೆ ಪಕ್ಕದ ಕಿಟಕಿ ಕೊಟ್ಟ. ತಾನು ಹಿಂದೆ ಕಂಬ ಹಿಡಿದು ನಿಂತ. ಅವನು ಬಸ್ ಕಂಡಕ್ಟರ್; ರಜೆ ಹಾಕಿದ್ದರೂ ಕಾಲುಗಳು ಕೂರುವುದನ್ನು ಒಪ್ಪುತ್ತಿರಲಿಲ್ಲ. ಅಲ್ಲಿಂದಲೇ ಗಡಿಯಾರದ ಗೋಪುರ, ಹೈಕೋರ್ಟು, ಕುದುರೆಯ ಮೇಲೆ ಕೂತ ಯಾರದೋ ಮೂರ್ತಿ ಎಂದು ಒಂದೊಂದನ್ನೇ ಹೆಸರು ಹೇಳಿ ತೋರಿಸಿದ. ಮುಂದಿನ ಗಾಜಿನಲ್ಲಿ ಅವನ ನೆರಳು ಕಾಣುತ್ತಿತ್ತು. ಗುರುಬಾಯಿ ಹೈಕೋರ್ಟಿಗಿಂತ ಅದನ್ನೇ ಹೆಚ್ಚು ನೋಡಿದಳು. ನೆರಳಿನ ಕಣ್ಣು ಅವಳ ಜಡೆಯವರೆಗೆ ಬಂದು, ತಪ್ಪು ಸ್ಟಾಪಿನಲ್ಲಿ ಇಳಿದವರಂತೆ ಗಡಬಡಿಸಿ ಹಿಂದಿರುಗುತ್ತಿತ್ತು.

ತಾಳಿಕೋಟೆಯ ಹತ್ತಿರದ ತಮ್ಮ ಹಳ್ಳಿಯಲ್ಲಿ, ನಾಲ್ಕು ದಿನ ಮುಂಬೈ ನೋಡಿ ಬರುತ್ತೇವೆಂದು ಹೇಳಿ ಅವರು ಹೊರಟಿದ್ದರು. ಎಪ್ಪತ್ಮೂರರ ಡಿಸೆಂಬರು, ಜೋಳದ ಕೆಲಸವಿನ್ನೂ ಮುಗಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಏನು ನೋಡಲು ಹೊರಟಿದ್ದಾರೆಂದು ಹಳ್ಳಿಗೆಲ್ಲ ಗೊತ್ತಿತ್ತು. ಗುರುಬಾಯಿಯ ಅಕ್ಕ ರಾಚವ್ವ ಈ ಗುರಲಿಂಗಪ್ಪನ ಹೆಂಡತಿ. ಮೂರು ವರ್ಷ ಇಲ್ಲಿ ಸಂಸಾರ ಮಾಡಿ, ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕ ಬಿಟ್ಟುಹೋದ ಜಾಗಕ್ಕೆ ತಂಗಿಯನ್ನು ಕೊಡುವುದು ಅವರಲ್ಲಿ ಹೊಸದೇನಲ್ಲ. ಆದರೆ ಹೆಣ್ಣಿನ ಕಡೆಯವರು ಹಾಗೆಂದು ಬಾಯಿಬಿಟ್ಟು ಹೇಳಿಕೊಂಡು ಬರುವುದಕ್ಕಿಂತ ಗೇಟ್‌ವೇ ಆಫ್ ಇಂಡಿಯಾ ನೋಡಲು ಬರುವುದರಲ್ಲಿ ಮರ್ಯಾದೆ ಹೆಚ್ಚು.

ಚಂದ್ರವ್ವ ತಯಾರಿಯಲ್ಲೇ ಬಂದಿದ್ದಳು. ಎರಡನೆಯವಳಾಗಿ ಹೋಗುವವಳ ಕೊರಳಿಗೆ, ಸತ್ತ ಮೊದಲನೆಯವಳ ರೂಪ ಮೂಡಿಸಿದ ಬೆಳ್ಳಿಯ ತಗಡು ಕಟ್ಟುವುದು ಅವರ ಮನೆತನದ ಪದ್ಧತಿ. ಹೊಸ ಸೀರೆಯಾಗಲಿ ಹೂವಾಗಲಿ, ಮೊದಲು ತಗಡಿಗೆ ಮುಟ್ಟಿಸಬೇಕು, ಆಮೇಲೆ ತಾನು ತೊಡಬೇಕು. ಎಲ್ಲದರಲ್ಲೂ ಮೊದಲ ಪಾಲು ಹೋದವಳದು. ತಾಳಿಕೋಟೆಯ ಅಕ್ಕಸಾಲಿಗ ಅದನ್ನು ಮಾಡಿಕೊಟ್ಟಿದ್ದ. ಎರಡು ಕಣ್ಣು, ಒಂದು ಮೂಗು, ಬಾಯಿಗೆ ಅಡ್ಡಗೆರೆ. ಹತ್ತು ಹಳ್ಳಿಯ ಸತ್ತ ಹೆಂಡಂದಿರಿಗೆಲ್ಲ ಅವನು ಅದೇ ಮುಖ ಕೊಟ್ಟಿದ್ದಿರಬೇಕು. ಆದರೂ ಅವ್ವ ಅದನ್ನು ಸೆರಗಿನಲ್ಲಿ ಒರೆಸಿ, "ನಮ್ಮ ರಾಚಿನ ನೋಡು" ಎಂದಾಗ ಗುರುಬಾಯಿ ಇಲ್ಲವೆನ್ನಲಿಲ್ಲ.

ಅವಳಿಗೆ ಮುಂಬೈ ಹೊಸದಾಗಿರಲಿಲ್ಲ. ಮೂರು ವರ್ಷ ತಿಂಗಳಿಗೊಮ್ಮೆ ಅದು ನೀಲಿ ಇನ್‌ಲ್ಯಾಂಡ್ ಪತ್ರದಲ್ಲಿ ಮಡಚಿಕೊಂಡು ಅವಳ ಮನೆಗೆ ಬಂದಿತ್ತು. ಅಕ್ಕನಿಗೆ ಓದುಬರಹ ಬಾರದು. ಅವಳು ಹೇಳುವುದು, ಗುರಲಿಂಗಪ್ಪ ಬರೆಯುವುದು. ಇತ್ತ ಅವ್ವನಿಗೂ ಬಾರದು. ಏಳನೆಯ ಇಯತ್ತೆ ಓದಿದ ಗುರುಬಾಯಿ ಬಂದದ್ದನ್ನು ಓದಿ ಹೇಳಿ, ಅವ್ವ ಅಂದದ್ದನ್ನು ಬರೆದು ಹಾಕುವುದು. ಹುಟ್ಟಿದಂದಿನಿಂದ ನಾಲ್ಕು ಮಾತಿಗಿಂತ ಹೆಚ್ಚು ಆಡದ ಅಕ್ಕ ಪತ್ರಗಳಲ್ಲಿ ಮಾತ್ರ ಬೇರೆಯವಳೇ ಆಗಿದ್ದಳು. ಸಮುದ್ರವೆಂದರೆ ಬೇರೇನಿಲ್ಲ, ನಮ್ಮ ಡೋಣಿ ಹೊಳೆಯೇ, ಆ ಕಡೆ ದಂಡೆ ಕಟ್ಟುವುದನ್ನು ಯಾರೋ ಮರೆತಿದ್ದಾರೆ ಎಂದು ಬರೆಸಿದ್ದಳು. ರಾಣಿಬಾಗಿನ ಪ್ರಾಣಿಸಂಗ್ರಹಾಲಯದ ನೀರಾನೆ ಪಂಕ್ತಿಯಲ್ಲಿ ಎರಡನೆಯ ಸಲ ಬಡಿಸುವುದನ್ನು ಕಾಯುವ ಕಾಕಾನ ಹಾಗೇ ಇದೆ ಎಂದು ಬರೆಸಿದ್ದಳು. ಆ ಸಾಲನ್ನು ಗುರುಬಾಯಿ ಮನೆಯಲ್ಲಿ ಓದಿ ಹೇಳಿರಲಿಲ್ಲ. ಅಂಥ ಸಾಲುಗಳು ಹಲವಿದ್ದವು. ದನದ ಕೊಟ್ಟಿಗೆಯಲ್ಲಿ ಕೂತು ಅವುಗಳನ್ನು ತಾನೊಬ್ಬಳೇ ಮತ್ತೆ ಓದುತ್ತಿದ್ದಳು. ಅಕ್ಕ ಸತ್ತಾಗ ಅವಳು ಅತ್ತದ್ದು ಮುಖ್ಯವಾಗಿ ಆ ಸಾಲುಗಳಿಗೆ.

ಆಂಟಾಪ್ ಹಿಲ್‌ನ ಸಾಲುಮನೆಗಳ ಚಾಳಿನಲ್ಲಿ ಗುರಲಿಂಗಪ್ಪನದು ಒಂದೇ ಕೋಣೆ; ಅಲ್ಲಿ ಅಕ್ಕ ಇನ್ನೂ ಇದ್ದಳು. ಬಾಗಿಲ ಹಿಂದಿನ ಗೋಡೆಯ ಮೇಲೆ ಕುಂಕುಮದ ಬೆರಳುಗುರುತು, ಒಂದರ ಪಕ್ಕ ಒಂದು, ಇರುವೆ ಸಾಲಿನಂತೆ. ದಿನವೂ ಹಣೆಗಿಟ್ಟುಕೊಂಡು ಉಳಿದದ್ದನ್ನು ಅವಳು ಅಲ್ಲೇ ಒರೆಸಿದ್ದಳು. ಎರಡು ವರ್ಷದಲ್ಲಿ ಅವನು ಗೋಡೆಗೆ ಸುಣ್ಣ ಹೊಡೆಸಿರಲಿಲ್ಲ. ಮರುದಿನ ಬೆಳಿಗ್ಗೆ ಗುರುಬಾಯಿ ಕುಂಕುಮವಿಟ್ಟುಕೊಂಡು, ಬೆರಳನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಸುಮಾರು ಹೊತ್ತು ಹಾಗೇ ನಿಂತಳು.

ನೀರಿಗೆ ಹೋದಾಗ ಪಕ್ಕದ ಕೋಣೆಯ ರಹೀಮಾ ಸಿಕ್ಕಳು. ಅವಳೂ ವಿಜಾಪುರದ ಕಡೆಯವಳೇ. ಕೊಡ ಕೆಳಗಿಟ್ಟು ಇವಳನ್ನು ಮೇಲಿನಿಂದ ಕೆಳಗೆ ನೋಡಿ, "ಅರೆ, ನಡಿಗಿ ಸುದ್ಧಾ ರಾಚವ್ವಂದ" ಎಂದಳು. ಅಕ್ಕ ನಿಮ್ಮ ಜೊತೆ ಬಹಳ ಮಾತಾಡುತ್ತಿದ್ದಳೇ ಎಂದು ಗುರುಬಾಯಿ ಆಸೆಯಿಂದ ಕೇಳಿದಳು. ರಹೀಮಾ ನಕ್ಕಳು. "ಮಾತು? ಆಕಿ ಬಾಯಾಗ ಮಾತು ಎಲ್ಲಿದ್ದುವು ಬೆಹನ್? ಮೂರು ವರ್ಸ ಬಾಜೂಕ ಇದ್ದೆ. ಸುಮ್ಮ ನಗತಿದ್ಲು, ಅಷ್ಟ."

ಗುರುಬಾಯಿ ಅದನ್ನು ನಂಬಲಿಲ್ಲ. ನೆರೆಯವರಿಗೆ ಏನು ತಿಳಿದೀತು ಎಂದುಕೊಂಡಳು.

ಆ ದಿನ ರಾಣಿಬಾಗು. ನೀರಾನೆಯ ಕಟಾಂಜನದ ಮುಂದೆ ಮುರಿಗೆಪ್ಪ ಕಾಕಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬಾಯಿ ಅರೆತೆರೆದು ನಿಂತ. ಒಳಗಿನದೂ ಅದೇ ಭಂಗಿಯಲ್ಲಿತ್ತು. ಗುರುಬಾಯಿ ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿ ತುಟಿ ಕಚ್ಚಿಕೊಂಡು ತಲೆಯೆತ್ತಿದಳು. ಗುರಲಿಂಗಪ್ಪನೂ ಇದನ್ನು ಅದನ್ನು ನೋಡಿ ಮುಗಿಸಿ, ಅದೇ ಕ್ಷಣಕ್ಕೆ ತಲೆಯೆತ್ತಿದ್ದ. ಮೊದಲ ಬಾರಿ ಕಣ್ಣಿಗೆ ಕಣ್ಣು ಸಿಕ್ಕಿದ್ದು ಹಾಗೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಏನಾಯಿತೆಂದು ಕಾಕಾ ಕೇಳಿದ. ಏನಿಲ್ಲವೆಂದು ಇಬ್ಬರೂ ಒಟ್ಟಿಗೇ ಹೇಳಿದರು. ಮರುಕ್ಷಣ ಅವನ ಮುಖ ಬತ್ತಿತು. ದಿನವಿಡೀ ಮತ್ತೆ ಅವಳ ಕಡೆ ತಿರುಗಲಿಲ್ಲ.

ತನ್ನನ್ನು ಕಂಡರೆ ಅವನಿಗೆ ಆಗುವುದಿಲ್ಲ, ಅಕ್ಕನ ಜಾಗದಲ್ಲಿ ತನ್ನನ್ನು ನೋಡಲು ಮನಸ್ಸಿಲ್ಲ ಎಂದು ಗುರುಬಾಯಿ ತೀರ್ಮಾನಿಸಿದಳು. ತನಗೆ ಮನಸ್ಸಿದೆಯೇ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ ಅವಳಿಗೂ ಗೊತ್ತಿರಲಿಲ್ಲ.

ಮೂರನೆಯ ದಿನ ಬಾಂದ್ರಾ. ಸಿನಿಮಾದವರ ಬಂಗಲೆಗಳನ್ನು ನೋಡದೆ ಊರಿಗೆ ಬರುವುದಿಲ್ಲವೆಂದು ಕಾಕಾ ಹಟ ಹಿಡಿದಿದ್ದ. ಗೋಡೆಗಳನ್ನಾದರೂ ನೋಡುತ್ತೇನೆಂದು ಹೊರಟುಹೋದ. ಗುಡ್ಡದ ಮೇಲಿನ ಕ್ರೈಸ್ತರ ಇಗರ್ಜಿಯ ತಾಯಿ ಬೇಡಿದ್ದನ್ನು ಕೊಡುತ್ತಾಳೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ಚಂದ್ರವ್ವ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತಳು. ಮಗಳನ್ನು, "ಸಮುದ್ರರ ನೋಡ ಹೋಗು" ಎಂದು ಅಳಿಯನ ಜೊತೆ ಕೆಳಗೆ ಅಟ್ಟಿದಳು. ಅವ್ವನ ಬೇಡಿಕೆ ಏನೆಂಬುದರಲ್ಲಿ ಗುಟ್ಟೇನಿರಲಿಲ್ಲ.

ಕಪ್ಪು ಬಂಡೆಗಳ ಮೇಲೆ ಜೋಡಿ ಜೋಡಿಯಾಗಿ ಹುಡುಗ ಹುಡುಗಿಯರು ಊರಿಗೆ ಬೆನ್ನು ಮಾಡಿ ಕೂತಿದ್ದರು. ಮಟಮಟ ಮಧ್ಯಾಹ್ನ. ಗುರುಬಾಯಿಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ. ಗುರಲಿಂಗಪ್ಪ ಅದನ್ನು ಕಂಡು, ಮೈಮರೆತು ಅಂದ: "ಇಲ್ಲಿ ಮಂದಿಗೆ ಬೆನ್ನ ಬಾಗಲಾ. ತಿರುಗಿಸಿದ್ರ ಸಾಕು, ಮನಿ ಆತು."

ಅವಳು ನಡೆಯುತ್ತಿದ್ದವಳು ನಿಂತಳು.

ಆ ಮಾತು ಯಾವ ಪತ್ರದಲ್ಲೂ ಬಂದಿರಲಿಲ್ಲ. ಆದರೆ ಅದರ ನಡಿಗೆ ಅವಳಿಗೆ ಗೊತ್ತಿತ್ತು. ಕೊಟ್ಟಿಗೆಯಲ್ಲಿ ಕೂತು ಮೂರು ವರ್ಷ ಕೇಳಿದ ದನಿ ಅದು. ಸತ್ತವಳ ದನಿ ಬದುಕಿದವನ ಬಾಯಿಂದ ಬಂದಂತಾಯಿತು.

"ಡೋಣಿ ಹೊಳಿ ಮಾತು ಯಾರದು ಮಾಮಾ?" ಎಂದಳು.

ಅವನು ಅಲೆಗಳ ಕಡೆ ತಿರುಗಿದ.

"ನೀರಾನಿದು?"

ಗುರಲಿಂಗಪ್ಪ ಬಂಡೆಯ ಮೇಲೆ ಕೂತ. ಕಂಡಕ್ಟರನಾಗಿ ಕೂರುವುದನ್ನೇ ಮರೆತವನು ಕೂತದ್ದನ್ನು ಅವಳು ಅಂದೇ ನೋಡಿದ್ದು. "ಆಕಿ ಎರಡ ಮಾತು ಹೇಳತಿದ್ಲು," ಎಂದ. "ನಾ ಅರಾಮ ಅದೀನಿ. ನೀವೂ ಅರಾಮ ಇರ್ರಿ. ಮುಗೀತು. ಪತ್ರದಾಗ ಜಾಗಾ ಉಳೀತಿತ್ತು. ಖಾಲಿ ಕಳಸೂದು ಚಂದ ಅಲ್ಲಂತ ನಾ ತುಂಬತಿದ್ದೆ."

ಅವಳೂ ಕೂತಳು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಅವ್ವ ಬರೆಸುತ್ತಿದ್ದುದೂ ಅಷ್ಟೇ ಎಂದು ಹೇಳಿದಳು: ಎಮ್ಮೆ ಈಯಿತು, ಮಳೆ ಬರಲಿಲ್ಲ. ಮಳೆ ಬರದಿದ್ದರೂ ಅಕ್ಕನ ಪತ್ರ ಬಂದ ದಿನ ಅಂಗಳ ತಂಪಾಗುತ್ತದೆ ಎಂದು ಬರೆದವಳು ತಾನು. ಗೊತ್ತು ಎಂದು ಅವನು ಅಂದ. ಅತ್ತೆಯವರ ಬಾಯಲ್ಲಿ ಅಂಥ ಮಾತು ಬರುವುದಿಲ್ಲವೆಂದು ಮೊದಲ ವರ್ಷವೇ ಗೊತ್ತಾಗಿತ್ತಂತೆ. ಜವಾಬು ಬರುವುದು ತಡವಾದರೆ ಬಸ್ಸಿನಲ್ಲಿ ಜನರ ಮೇಲೆ ರೇಗುತ್ತಿದ್ದನಂತೆ. ಯಾಕೆಂದು ಆಗ ತನ್ನನ್ನು ತಾನು ಕೇಳಿಕೊಳ್ಳಲಿಲ್ಲವಂತೆ.

ಬರೆಯುವವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಬರೀ ಕೈ. ಹಾಗೆ ಎರಡು ಕೈಗಳು ಇಬ್ಬರು ಹೆಂಗಸರ ಹೆಸರಿನ ಹಿಂದೆ ಕೂತು ಮೂರು ವರ್ಷ ಮಾತಾಡಿಕೊಂಡಿದ್ದವು.

"ಅಕ್ಕಗ ಗೊತ್ತಿತ್ತೇನು?"

"ಬ್ಯಾನಿ ಬಿದ್ದಾಗ ನಿನ್ನ ಪತ್ರ ಓದಿ ಹೇಳಿದೆ. ತಂಪಿನ ಮಾತು ಬಂತು. ಆಕಿ ಅಂದ್ಲು, ಇದು ಅವ್ವ ಅಂದದ್ದಲ್ಲ, ಗುರುಬಾಯಿ ಅಂದದ್ದು. ಅದೂ ನನಗಲ್ಲ, ನಿಮಗ. ಅಂದು ನಕ್ಕಳು. ಆದ್ರ ನನ್ನ ಮಾರಿ ನೋಡಲಿಲ್ಲ. ಇನ್ನ ಮ್ಯಾಲ ನಾ ಅಂದಷ್ಟ ಬರೀರಿ ಅಂದ್ಲು."

ಕೊನೆಯ ಪತ್ರ ಗುರುಬಾಯಿಗೆ ಚೆನ್ನಾಗಿ ನೆನಪಿತ್ತು. ನಾನು ಆರಾಮ ಇದ್ದೇನೆ. ನೀವೂ ಆರಾಮ ಇರಿ. ಕೆಳಗೆ ನೀಲಿ ಜಾಗ ಹಾಗೇ ಉಳಿದಿತ್ತು. ಅಕ್ಕನಿಗೆ ಹೇಳಿ ಬರೆಸುವಷ್ಟೂ ತ್ರಾಣವಿಲ್ಲ ಎಂದುಕೊಂಡು ಅವಳು ಅತ್ತಿದ್ದಳು. ಎರಡು ವರ್ಷದ ಅಳು ಈಗ ಯಾರ ಲೆಕ್ಕಕ್ಕೆ ಹೋಯಿತೆಂದು ತಿಳಿಯದೆ ಕೂತಳು. ನಡುವಿನ ಖಾಲಿ ಜಾಗದಲ್ಲಿ ಯಾರೋ ಕೂತಿದ್ದಾರೆಂದೇ ಅನ್ನಿಸುತ್ತಿತ್ತು. ಇಬ್ಬರೂ ಅತ್ತ ಸರಿಯಲಿಲ್ಲ.

"ಹಂಗಂತನ ನಿನ್ನ ಕಡೆ ನೋಡಲಿಲ್ಲ," ಎಂದ ಅವನು. "ನಿನ್ನ ನೋಡಿದ್ರ ಆಕಿ ಮಾರಿ ತಿರುಗಿಸಿದ್ದು ಕಾಣತೈತಿ. ನಾಳಿ ಅತ್ತಿಯವರ ಮುಂದ ನಾನ ಒಲ್ಲೆ ಅಂತೀನಿ. ನಿನ್ನ ಮ್ಯಾಲ ಮಾತು ಬರಾಂಗಿಲ್ಲ."

ಗುರುಬಾಯಿ ಎದ್ದು, ಅವ್ವ ಇದ್ದ ಕಡೆ ಗುಡ್ಡ ಹತ್ತತೊಡಗಿದಳು.

ನಾಲ್ಕನೆಯ ದಿನ ದಾದರ್ ಸ್ಟೇಷನ್. ಸೋಲಾಪುರದ ಗಾಡಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಗಾಡಿ ಬರುವುದರೊಳಗೆ ಒಂದು ಮಾತು ಹೇಳಿಬಿಡಬೇಕೆಂದು ಚಂದ್ರವ್ವ ಬೆಳಿಗ್ಗೆಯೇ ಅಳಿಯನನ್ನು ಕೇಳಿಕೊಂಡಿದ್ದಳು. ಈಗ ಟ್ರಂಕಿನ ಮೇಲೆ ಕೂತು, ಸೊಂಟಕ್ಕೆ ಸಿಕ್ಕಿಸಿದ, ಬೆಳ್ಳಿಯ ತಗಡಿದ್ದ ಚೀಲವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಗುರುಬಾಯಿ ತಂಬಿಗೆ ಹಿಡಿದು ನೀರಿಗೆದ್ದಳು. ದಾರಿ ತೋರಿಸಲೆಂದು ಗುರಲಿಂಗಪ್ಪ ಹೋದ. ಕೊಳಾಯಿ ಎದುರಿಗೇ ಕಾಣುತ್ತಿತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ.

ನೀರು ಸಣ್ಣಗೆ ಬರುತ್ತಿತ್ತು. "ಒಂದ ಕೇಳತೀನಿ," ಎಂದಳು ಗುರುಬಾಯಿ. "ನೀವು ಬರದದ್ದಲ್ಲ, ಅಕ್ಕಂದು. ಮದಲ್ನೇ ದಿನ ಈ ಊರಿಗೆ ಬಂದಿಳದಾಗ ಆಕಿ ಏನಂದ್ಲು?"

"ಏನೂ ಅನ್ನಲಿಲ್ಲ." ಅವನು ಜನರ ಗದ್ದಲದ ಕಡೆ ಕೈ ತೋರಿಸಿದ. "ಇಲ್ಲೇ ಇಳದ್ವಿ. ಮಂದಿ ನೋಡಿ ಹೆದರಿ ನನ್ನ ಕಿರಿಬೆರಳ ಹಿಡಕೊಂಡ್ಲು. ಮನಿ ಮುಟ್ಟೂತನಕ ಬಿಡಲಿಲ್ಲ."

ಗುರುಬಾಯಿಯ ಎದೆಯಲ್ಲಿ ಏನೋ ಚುಚ್ಚಿತು. ಅದು ದುಃಖವಲ್ಲ, ದುಃಖದ ಪರಿಚಯ ಅವಳಿಗೆ ಚೆನ್ನಾಗಿತ್ತು. ಮಾತೆಲ್ಲ ತನ್ನ ಪಾಲಿಗೆ ಬಂದಿದ್ದರೂ ಆ ಬೆರಳು ತನ್ನದಾಗಿರಲಿಲ್ಲವಲ್ಲ ಎಂಬ ಸಂಕಟ. ಹೋದವಳ ಮೇಲೆ, ಅದೂ ಒಡಹುಟ್ಟಿದವಳ ಮೇಲೆ, ಇಂಥ ಹೊಟ್ಟೆಕಿಚ್ಚು ತಂಗಿಯಾದವಳಿಗೆ ಬರುವುದಿಲ್ಲ, ಸವತಿಗೆ ಬರುತ್ತದೆ. ಯಾರೂ ಕೇಳದೇ ಬಿಟ್ಟ ಪ್ರಶ್ನೆಗೆ ಉತ್ತರ ಹೀಗೆ, ತುಂಬುತ್ತಿದ್ದ ತಂಬಿಗೆಯ ಮುಂದೆ, ನಾಚಿಕೆಗೇಡಿನ ರೂಪದಲ್ಲಿ ಬಂದು ನಿಂತಿತು.

"ಅವ್ವನ ಮುಂದ ಒಲ್ಲೆ ಅನಬ್ಯಾಡ್ರಿ," ಎಂದಳು.

ಅವನು ಮೊದಲ ಸಲ, ಕದಿಯದೆ, ನೇರವಾಗಿ ಅವಳ ಮುಖ ನೋಡಿದ. "ಆಕಿ?"

"ಆಕಿ ಇರ್ತಾಳ. ಮನಿ ಆಕೀದು. ಆದ್ರ ಇನ್ನ ಆಕಿ ಬಾಯಿಲೆ ನಾವಿಬ್ಬರು ಮಾತಾಡೂದು ಬ್ಯಾಡ. ಅನ್ನೂದು ಏನರ ಇದ್ರ ನನ್ನ ಮಾರಿ ನೋಡಿ ಅನ್ರಿ."

"ಭಾಳ ಅದಾವ," ಎಂದ ಅವನು.

ತಂಬಿಗೆ ತುಂಬಿ ಚೆಲ್ಲತೊಡಗಿತ್ತು. ಅಷ್ಟರಲ್ಲಿ ಪಕ್ಕದ ಪ್ಲಾಟ್‌ಫಾರ್ಮಿಗೆ ಲೋಕಲ್ ಬಂತು. ಕ್ಷಣದಲ್ಲಿ ಸೇತುವೆಯಿಂದ ಜನ ಇಳಿದು ಇಬ್ಬರ ಸುತ್ತ ಹರಿದರು. ಅವ್ವನ ತಲೆ, ಟ್ರಂಕು, ಕಾಕಾನ ರುಮಾಲು ಎಲ್ಲ ಮುಳುಗಿಹೋದವು. ಅವನು ಹಿಂದೆ ತಿರುಗಿ ಕೈ ಚಾಚಿದ. ಕಿರುಬೆರಳು ಮುಂದೆಯೇ ಇತ್ತು.

ಅದು ಅಕ್ಕನದು. ಗುರುಬಾಯಿ ಅದನ್ನು ಬಿಟ್ಟು, ಅವನ ಅಂಗಿಯ ತೋಳನ್ನು ಮುಷ್ಟಿ ತುಂಬ ಹಿಡಿದುಕೊಂಡಳು.