ಅಂಕಿಯಿಲ್ಲದ ಗಡಿಯಾರ

ಹಲಗೆಯ ಮೇಲೆ ಹಸಿರು ಗಡಿಯಾರವಿರಲಿಲ್ಲ. ಧೂಳಿನ ನಡುವೆ ಅದು ಕೂತಿದ್ದ ಜಾಗ ಮಾತ್ರ ಗೇಣುದ್ದ ಚೊಕ್ಕಟವಾಗಿತ್ತು.

“ಹೋತು. ನನ್ನ ಗಡಿಯಾರ ಹೋತು,” ಎಂದು ಗದಿಗೆಪ್ಪ ನೆಲಕ್ಕೆ ಕುಸಿದರು.

೧೯೫೬ರ ಒಂದು ಭಾನುವಾರ, ಬೆಳಗಿನ ಒಂಬತ್ತು ಗಂಟೆ. ಹತ್ತು ಹೊಡೆಯುವುದರೊಳಗೆ ಕಳ್ಳನೂ ಸಿಕ್ಕಿಬಿದ್ದಿದ್ದ. ಘಾಟ್ಕೋಪರ್ ಸ್ಟೇಷನ್ನಿನ ಬಳಿ ಗದಿಗೆಪ್ಪನವರಿದ್ದ ಬಿಲ್ಡಿಂಗಿನ ಕೆಳಗಡೆ ಸದಾನಂದ ಶೆಟ್ಟರ ಹೋಟೆಲು. ಅಲ್ಲಿ ಹದಿನೈದು ವರ್ಷದಿಂದ ದೋಸೆ ಹುಯ್ಯುತ್ತಿದ್ದ ಐತನೇ ಆ ಕಳ್ಳ. ಅವನ ಟ್ರಂಕು ಆಗಲೇ ಫುಟ್‌ಪಾತಿಗೆ ಬಂದಿತ್ತು.

ಎರಡನೇ ಮಾಳಿಗೆಯ ಶೀಲಾವತಿ ಕಾಫಿಗೆಂದು ಇಳಿದವಳು ಮೊದಲು ಕಂಡದ್ದು ಈ ಟ್ರಂಕನ್ನು. ಬಿ.ಎ. ಮುಗಿಸಿದ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕರೆ ಕೊಡುವುದು ಕೆಲಸ, ಕರಕರೆ ಕೊಡುವುದು ಹವ್ಯಾಸ. ದಿನಕ್ಕೆ ಸಾವಿರ ದನಿ ಕೇಳುವಳು. ಅದರಲ್ಲಿ ಹತ್ತನ್ನಾದರೂ ಗಂಟಲಲ್ಲಿ ಕಟ್ಟಿಕೊಂಡು ಮನೆಗೆ ತರುವಳು.

“ನೀನು ಇದಕ್ಕೆ ಬರಬೇಡ ಮಾರಾಯ್ತಿ,” ಎಂದರು ಸದಾನಂದ ಶೆಟ್ಟರು. “ಸಾಕ್ಷಿ ಉಂಟು. ನನ್ನ ಕಿವಿಯೇ ಸಾಕ್ಷಿ.”

ಕಿವಿ ಹೇಳಿದ್ದಿಷ್ಟು. ಮೇಲೆ ಗಲಾಟೆ ಕೇಳಿ ಅವರು ಮೆಟ್ಟಿಲು ಹತ್ತಿದ್ದರು. ಬಾಗಿಲಲ್ಲೇ ನಿಂತು ‘ಯಾರು ತೆಗೆದದ್ದು?’ ಎಂದು ಕೇಳಿದರು. ಗದಿಗೆಪ್ಪ ಅಳುತ್ತಿದ್ದರು. ಉತ್ತರ ಬಂದದ್ದು ಅಡುಗೆಮನೆಯ ಪರದೆಯ ಹಿಂದಿನಿಂದ. ಅವರ ಹೆಂಡತಿ ದಾನವ್ವ ಗಂಡನಿಗೆ ಮೆಲ್ಲಗೆ ಹೇಳಿದ್ದರು: ‘ಐತ, ರೀ.’ ಎಂಟೂವರೆಗೆ ಐತ ಆ ಮನೆಗೆ ಇಡ್ಲಿ ಕೊಟ್ಟು, ಟವೆಲಿನ ಗಂಟು ಹಿಡಿದು ಇಳಿದದ್ದನ್ನು ಶೆಟ್ಟರೇ ಕಂಡಿದ್ದರು. ಇನ್ನೇನು ಬೇಕು?

“ಗಂಟಿನಲ್ಲಿ ಖಾಲಿ ಪಾತ್ರೆ ಇದ್ದದ್ದು ಅಕ್ಕ,” ಎಂದ ಐತ. “ಕಳ್ಳ ಅಂತ ಹೆಸರು ಹೊತ್ತುಕೊಂಡು ಊರಿಗೆ ಹೇಗೆ ಹೋಗಲಿ?”

ಮಧ್ಯಾಹ್ನದ ಗಾಡಿಗೆ ಅವನ ಟಿಕೆಟು. ಐತ ದೋಸೆ ಮಗುಚುವವನೇ ಹೊರತು ಮಾತು ಮಗುಚುವವನಲ್ಲ ಎಂದು ಶೀಲಾವತಿಗೆ ಗೊತ್ತಿತ್ತು. ಕಾಫಿ ಅಲ್ಲೇ ಬಿಟ್ಟು ಮೇಲೆ ಹೋದಳು.

* * *

ಧಾರವಾಡದ ಕಡೆಯ ಗದಿಗೆಪ್ಪ ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದವರು. ಇಪ್ಪತ್ತು ವರ್ಷದ ಹಿಂದೆ ಸಮುದ್ರದ ದಂಡೆಗೆ ಸಾಲಾಗಿ ಎದ್ದವಲ್ಲ, ದುಂಡು ಬಾಲ್ಕನಿಯ, ಮೆಟ್ಟಿಲು ಗೋಪುರದ ಆರ್ಟ್ ಡೆಕೊ ಕಟ್ಟಡಗಳು, ಅವುಗಳಲ್ಲಿ ಎಷ್ಟೋ ಗೆರೆ ಇವರ ಪೆನ್ಸಿಲಿನದು. ಅಂಥ ಮನೆ ಕೊಳ್ಳಲಾಗದೆ, ಅದೇ ಚಹರೆಯ ಗಡಿಯಾರಗಳನ್ನು ಚೋರ್ ಬಜಾರಿನಿಂದ ಹೊತ್ತು ತಂದರು. ಹಲಗೆಯ ಮೇಲೆ ಎಂಟು. ಚಾವಿ ಕೊಟ್ಟರೆ ಸವೆಯುತ್ತವೆಂದು ಒಂದಕ್ಕೇ ಚಾವಿ. ಉಳಿದ ಏಳು ಏಳು ಬೇರೆ ಹೊತ್ತು ತೋರಿಸುತ್ತ ನಿಂತಿದ್ದವು. ಹೊತ್ತುಗೊತ್ತಿಲ್ಲದ ಸಂಗ್ರಹ.

ಕಳುವಾದದ್ದು ಆ ನಡೆಯುವ ಒಂದೇ.

“ಹಸಿರು ಕಲ್ಲು, ಶೀಲಾ. ಎರಡೂ ಹೆಗಲಿಗೆ ಮೂರು ಮೂರು ಮೆಟ್ಟಿಲು. ಮುಖದ ಮ್ಯಾಲ ಹನ್ನೆರಡು ಗೆರಿ, ಎರಡು ಮುಳ್ಳು, ಅಷ್ಟ. ಒಂದು ಅಂಕಿ ಇಲ್ಲ. ಬ್ಯಾಡಾದದ್ದು ಬಿಟ್ಟ ಮ್ಯಾಲ ಉಳಿಯೋದ ಚಂದ.”

“ಅಷ್ಟು ಚಂದದ್ದನ್ನು ಯಾರಿಗಾದರೂ ಕೊಡುವವರಿದ್ದಿರಾ ಕಾಕಾ?”

ಗದಿಗೆಪ್ಪ ತಲೆ ತಗ್ಗಿಸಿದರು. ದಾದರಿನ ಪೆಸ್ತನ್‌ಜಿ ಎಂಬ ಪಾರಸಿ ಗೆಳೆಯ ಹನ್ನೊಂದಕ್ಕೆ ಬರುವವರಿದ್ದರು. ಅವರ ಬಳಿ ಬಾಗಿದ ಮೈಯ ಉದ್ದನೆಯ ಕೈಗಡಿಯಾರ. ಅದಕ್ಕೆ ಬದಲು ಇದು. ನಿನ್ನೆ ಸಂಜೆ ಬಂದು, ಹಸಿರು ಗಡಿಯಾರವನ್ನು ಸವರಿ ಸವರಿ ನೋಡಿ ಹೋಗಿದ್ದರು. ಕೈಯಲ್ಲಿ ದೊಡ್ಡ ಚೀಲವೂ ಇತ್ತು.

ಶೀಲಾವತಿ ಇಳಿದು ಹೋಟೆಲಿನ ಗಲ್ಲಾದಿಂದ ಪೆಸ್ತನ್‌ಜಿಗೆ ಫೋನ್ ಮಾಡಿದಳು. ಅವರು ಹೊರಡುವ ಗಡಿಬಿಡಿಯಲ್ಲಿದ್ದರು. ಕೈಗಡಿಯಾರ ಜೇಬಿನಲ್ಲಿದೆ, ಹಸಿರು ರಾಣಿಗೆ ಇವತ್ತು ಚಾವಿ ಕೊಟ್ಟಿದ್ದೀರಾ, ಚೆನ್ನಾಗಿ ನಡೆಯುತ್ತಿದ್ದಾಳಾ ಎಂದು ಮೂರು ಸಲ ವಿಚಾರಿಸಿದರು. ರಾಣಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡವನು ರಾಣಿಯ ಕ್ಷೇಮ ಕೇಳುವುದಿಲ್ಲ. ಶೀಲಾವತಿ ಆ ಹೆಸರಿಗೆ ಗೆರೆ ಎಳೆದಳು.

* * *

ಮತ್ತೆ ಮೇಲೆ ಬಂದಾಗ ದಾನವ್ವ ಪರದೆಯ ಬಳಿ ನಿಂತಿದ್ದರು. ಕಣ್ಣು ಕೆಂಪಾಗಿತ್ತು. ಶೀಲಾವತಿಗೆ ಕೂರಲು ಹೇಳಿ ಒಳಗೆ ಹೋದರು. ಡಬ್ಬಿಯ ಮುಚ್ಚಳ ತೆಗೆದು ಮುಚ್ಚಿದ ಸದ್ದು. ಹೊರಗೆ ಬಂದರು.

“ಹನ್ನೊಂದಕ್ಕ ಇನ್ನೂ ಅರ್ಧ ತಾಸ ಐತವ್ವಾ. ಚಾ ಇಡ್ತೀನಿ.”

ಶೀಲಾವತಿ ತನ್ನ ಕೈಗಡಿಯಾರ ನೋಡಿಕೊಂಡಳು. ಹತ್ತೂವರೆ. ಒಂದು ನಿಮಿಷ ಹೆಚ್ಚಿಲ್ಲ, ಕಮ್ಮಿಯಿಲ್ಲ. ಹಲಗೆಯ ಮೇಲಿನ ಏಳನ್ನೂ ನೋಡಿದಳು. ಒಂದೂ ಹತ್ತೂವರೆ ಎನ್ನುತ್ತಿರಲಿಲ್ಲ. ಚಾ ಲೋಟ ಹಿಡಿದ ದಾನವ್ವನ ಬೆರಳ ತುದಿಯಲ್ಲಿ ಜೋಳದ ಹಿಟ್ಟು. ಪರದೆಯ ಸಂದಿಯಲ್ಲಿ ಕಂಡ ಒಲೆಯ ಮೇಲೆ ಹಂಚೂ ಇರಲಿಲ್ಲ, ರೊಟ್ಟಿಯೂ ಇರಲಿಲ್ಲ.

ಆಗ ಅವಳ ಕಿವಿಯಲ್ಲಿ ಆ ಮಾತು ಇನ್ನೊಮ್ಮೆ ಕನೆಕ್ಟ್ ಆಯಿತು. ಅರ್ಧ ತಾಸ *ಐತವ್ವಾ*.

“ಕಾಕು,” ಎಂದಳು ಮೆಲ್ಲಗೆ. “ನಿಮ್ಮ ಗಡಿಯಾರ ಕದ್ದನೆಂದು ಐತನನ್ನು ಊರಿಗೆ ಅಟ್ಟುತ್ತಿದ್ದಾರೆ. ಗೊತ್ತೇ?”

ದಾನವ್ವ ಲೋಟವನ್ನು ಕೆಳಗಿಟ್ಟರು. ಗೊತ್ತಿರಲಿಲ್ಲ.

* * *

ಹನ್ನೊಂದಕ್ಕೆ ಪೆಸ್ತನ್‌ಜಿ ಬಂದರು. ಶೆಟ್ಟರೂ ಐತನೂ ಹತ್ತಿ ಬಂದರು. ಶೀಲಾವತಿ ಬಾಗಿಲಲ್ಲಿ ನಿಂತು, ಹೊಟ್ಟೆ ಮುಂದೆ ಮಾಡಿ, ಶೆಟ್ಟರ ದನಿಯಲ್ಲಿ ಕೇಳಿದಳು: “ಯಾರು ತೆಗೆದದ್ದು?” ಐತ ನಗು ತಡೆದುಕೊಂಡ.

“ನೀವು ಕೇಳಿಸಿಕೊಂಡದ್ದು ಹೀಗೆ, ಸದಾನಂದಣ್ಣ.” ಈಗ ದಾನವ್ವನ ದನಿ. “ಐತ, ರೀ.”

“ಹೌದು. ಹಾಗೆಯೇ.”

“ಅವರು ಹೇಳಿದ್ದು ಹೀಗೆ.” ಅದೇ ದನಿ, ನಡುವೆ ಉಸಿರಿಲ್ಲ. “ಐತ್ರೀ.”

ಶೆಟ್ಟರು ಪರದೆಯ ಕಡೆ ತಿರುಗಿದರು.

“ನಮ್ಮ ಕಡೆ ‘ಉಂಟು’, ಇವರ ಕಡೆ ‘ಐತಿ’. ನಿಮ್ಮ ಪ್ರಶ್ನೆ ಅವರಿಗೆ ಕೇಳಿಸಲೇ ಇಲ್ಲ. ಗಂಡ ‘ಹೋತು’ ಎಂದು ಅತ್ತರು. ಹೆಂಡತಿ ತಡೆಯಲಾರದೆ ‘ಐತ್ರೀ’ ಎಂದರು; ಅಳುವಿನಲ್ಲಿ ಕಾಕಾಗೆ ಅದು ಕೇಳಿಸಲಿಲ್ಲ. ಕಳ್ಳನ ಹೆಸರಲ್ಲ ಅದು, ಗಡಿಯಾರದ ವಿಳಾಸ. ಕಳೆದುಹೋದದ್ದನ್ನು ‘ಐತಿ’ ಅನ್ನಬೇಕಾದರೆ ಅದು ಎಲ್ಲಿದೆ ಎಂದು ಗೊತ್ತಿರಬೇಕಲ್ಲ? ಮನೆಯಲ್ಲಿ ನಡೆಯುವ ಗಡಿಯಾರ ಒಂದೂ ಇಲ್ಲ, ಕಾಕುಗೆ ಮಾತ್ರ ಸಮಯ ಗೊತ್ತು. ರೊಟ್ಟಿಯಿಲ್ಲ, ಬೆರಳಿಗೆ ಹಿಟ್ಟುಂಟು.”

ದಾನವ್ವ ಯಾರನ್ನೂ ನೋಡದೆ ಒಳಗೆ ಹೋಗಿ ಹಿಟ್ಟಿನ ದೊಡ್ಡ ಡಬ್ಬಿ ತಂದಿಟ್ಟರು. ಮುಚ್ಚಳ ತೆಗೆದರೆ ಮೇಲುಗಡೆ ಇಳಕಲ್ ಸೀರೆಯ ಮಡಿಕೆ. ಮಡಿಕೆಯೊಳಗೆ ಹಸಿರು ರಾಣಿ, ಮುಖ ಮೇಲೆ ಮಾಡಿ, ಟಿಕ್ ಟಿಕ್ ಎನ್ನುತ್ತ.

“ತಪ್ಪಾತಪ್ಪಾ ಐತಾ. ನಿನ್ನ ಮ್ಯಾಲ ಬರತೈತಿ ಅಂತ ನನಗ ತಿಳೀಲಿಲ್ಲ,” ಎಂದು ಕೈಮುಗಿದರು. ಐತ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ತಾನೂ ಕೈಮುಗಿದ.

“ಯಾಕ?” ಎಂದರು ಗದಿಗೆಪ್ಪ.

“ನನಗ ಅಂಕಿ ಬರಂಗಿಲ್ರೀ. ಉಳದ ಗಡಿಯಾರ ಎಲ್ಲಾ ನನ್ನ ಮುಂದ ಪುಸ್ತಕ ತಗದು ಕುಂದರತಾವ. ಇದೊಂದ ಕೈ ಮಾಡಿ ತೋರಸ್ತೈತಿ. ಸಣ್ಣ ಮುಳ್ಳು ಕೆಳಗಿನ ಗೆರಿಗೆ ಬಂತಂದ್ರ ನಿಮ್ಮ ಲೋಕಲ್ ಬಂತು. ಇಪ್ಪತ್ತು ವರ್ಷ ಅದನ್ನ ನೋಡಿ ರೊಟ್ಟಿ ಬಡದೀನಿ. ಅದನ್ನ ಕೊಟ್ಟಬಿಟ್ರ ನೀವು ಬರೋ ಹೊತ್ತು ನನಗ ಹೇಳವರು ಯಾರು?”

“ನಾ ರಿಟಾಯರ್ ಆಗಿ ವರ್ಷ ಆತಲ್ಲ.”

“ಲೈಬ್ರರಿಗೆ ಹೋಗ್ತೀರಲ್ಲ.”

ಗದಿಗೆಪ್ಪ ಡಬ್ಬಿಯ ಮುಂದೆ ಕೂತರು. ಬೇಡವಾದದ್ದು ಬಿಟ್ಟಾಗ ಉಳಿಯುವುದೇ ಚಂದವೆಂದು ಬಂದವರಿಗೆಲ್ಲ ಪಾಠ ಹೇಳಿದ್ದರು. ಉಳಿದದ್ದು ಯಾರಿಗೆ ಎಂದು ಯೋಚಿಸಿರಲಿಲ್ಲ. ಗಡಿಯಾರವನ್ನು ಎತ್ತಿದರು. ಹಲಗೆಯ ಕಡೆ ಹೋಗಲಿಲ್ಲ. ಪರದೆ ಸರಿಸಿ, ಒಲೆಯ ಎದುರಿನ ಗೂಡಿನಲ್ಲಿಟ್ಟು ಬಂದರು.

ಪೆಸ್ತನ್‌ಜಿ ಜೇಬಿನ ಕೈಗಡಿಯಾರ ತೆಗೆದು, ಗೂಡಿನೊಳಗಿನ ರಾಣಿಯನ್ನು ನೋಡಿ ಅದರ ಮುಳ್ಳು ಸರಿ ಮಾಡಿಕೊಂಡು, ಮತ್ತೆ ಜೇಬಿಗಿಟ್ಟರು. ಶೆಟ್ಟರು ಕೆಳಗಿಳಿದು ಟ್ರಂಕನ್ನು ತಾವೇ ಹೊತ್ತು ಒಳಗಿಟ್ಟರು. ಐತ ಹಂಚಿನ ಮುಂದೆ ನಿಂತು ಪಾರಸಿ ಸಾಹೇಬರಿಗೊಂದು ದೋಸೆ ಹುಯ್ದ.

ದೋಸೆ ಚುಯ್ ಎನ್ನುವಾಗ ಮೇಲಿನಿಂದ ಗದಿಗೆಪ್ಪನವರ ದನಿ ಕೇಳಿಸಿತು. ಚಾ ಉಳಿದಿದೆಯೇ ಎಂದು ಹೆಂಡತಿಯನ್ನು ಕೇಳುತ್ತಿದ್ದರು.

“ಐತ್ರೀ,” ಎಂದರು ದಾನವ್ವ.

“ಓ, ಬಂದೆ ಅಮ್ಮ,” ಎಂದ ಕೆಳಗಿನಿಂದ ಐತ.