ಹಿಮ್ಮಡಿಯ ಗುರುತು

ಕಾಸರಕೋಡಿನಲ್ಲಿ ಬೋಟು ಕಟ್ಟುವ ದಕ್ಕೆಯ ಮೇಲೆ ಸಂಜೆ ಹೊತ್ತು ಎಲ್ಲರೂ ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ವಿನೋದ ಮಾತ್ರ ಕಾಲು ಮಡಚಿ, ಪ್ಯಾಂಟನ್ನು ಹಿಮ್ಮಡಿ ಮುಚ್ಚುವಂತೆ ಎಳೆದುಕೊಂಡು ಕೂರುತ್ತಿದ್ದ. ಬೋಟಿನ ಡ್ರೈವರ್ ಆದ ಮೇಲೆ ಜಂಬ ಬಂದಿದೆ ಎಂದುಕೊಂಡೆ. ಜಂಬದವರನ್ನು ಕೆಣಕದೆ ಬಿಡುವ ಸ್ವಭಾವ ನನ್ನದಲ್ಲ.

“ಎಂತ ಮಾರಾಯ, ಉಪ್ಪುನೀರು ತಾಗಿದ್ರೆ ಕಾಲು ಕರಗ್ತದ್ಯಾ?”

“ನಿನ್ನ ಬಾಯಿಗೆ ಹೆದ್ರಿ ಕರಗ್ಬೇಕಷ್ಟೆ, ರಂಜಿತಾ.”

ಹಾಗೆ ಶುರುವಾಯಿತು. ನಾನು ಸ್ಕೂಟಿಯಲ್ಲಿ ಹೊನ್ನಾವರದ ಮನೆಮನೆಗೆ ಮೀನು ಮಾರುವವಳು. ಬೋಟು ಬಂದಾಗಲೆಲ್ಲ ಅವನು ಒಳ್ಳೆಯ ನೊಗಲಿ ಮೀನನ್ನು ಬದಿಗಿಟ್ಟು, ಯಾರಿಗೋ ಎಂಬಂತೆ ಬೇರೆ ಕಡೆ ನೋಡುತ್ತಾ ನನ್ನ ಬುಟ್ಟಿಗೆ ಹಾಕುತ್ತಿದ್ದ. ನಾನು ತಿರುಗಿದ ಮೇಲೆ ಅವನ ಕಣ್ಣು ನನ್ನ ಬೆನ್ನ ಮೇಲೆಯೇ ಇರುತ್ತಿತ್ತು. ಅದು ತಿಳಿಯಲು ಹಿಂದೆ ನೋಡಬೇಕಾಗಿರಲಿಲ್ಲ.

ಒಂದು ದಿನ ಅವನು ಮರಳಿನ ಮೇಲೆ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆಯದೆ ಆ ಕೆಲಸ ಆಗುವುದಿಲ್ಲ. ಆಗ ಕಂಡಿತು. ಹಿಮ್ಮಡಿಯ ಮೇಲೆ, ನರ ಬಿಗಿದಿರುವಲ್ಲಿ, ಗೋಲಿಯಷ್ಟು ದಪ್ಪ ಗಂಟು. ಎರಡೂ ಕಾಲಿಗೆ. ನಾನು ಸಲಿಗೆಯಿಂದ ಬೆರಳು ತಾಗಿಸಿದೆ.

“ಮುಟ್ಬೇಡ!” ಅವನು ಕಾಲು ಎಳೆದುಕೊಂಡ ರಭಸಕ್ಕೆ ಬಲೆ ಮತ್ತೆ ಹರಿಯಿತು. “ಅದು ಅಜ್ಜ ಹಿಡ್ದ ಗುರುತು.”

ಅವನ ಅಜ್ಜ ಶನಿಯಾರನ ದೋಣಿ ಅಳಿವೆಯಲ್ಲಿ, ನದಿ ಸಮುದ್ರಕ್ಕೆ ಸೇರುವಲ್ಲಿ, ಮಗುಚಿತ್ತು. ಹೆಣ ಸಿಗಲಿಲ್ಲ. ಆಮೇಲೆ ವಿನೋದನ ಅಪ್ಪ ಬೋಟಿನಲ್ಲೇ ಎದೆ ಹಿಡಿದುಕೊಂಡು ಕುಸಿದು ಸತ್ತ. ಆಮೇಲೆ ಅಣ್ಣ ರಾಜೇಶನೂ ಹಾಗೆಯೇ, ನಲವತ್ತು ತುಂಬುವ ಮೊದಲೇ. ಇಬ್ಬರ ಹಿಮ್ಮಡಿಗೂ ಇದೇ ಗಂಟಿತ್ತು. ಚಿತೆ ಕಾಣದ ಅಜ್ಜ ನೀರಿನಡಿ ಒಬ್ಬನೇ ಇರಲಾರದೆ ಮನೆಯ ಗಂಡಸರನ್ನು ಹಿಮ್ಮಡಿ ಹಿಡಿದು ಎಳೆದುಕೊಳ್ಳುತ್ತಾನೆ ಎಂದು ಇಡೀ ಕೇರಿಯೇ ನಂಬಿತ್ತು.

“ನೀನಂದ್ರೆ ನಂಗೆ ಜೀವ,” ಅಂದ ವಿನೋದ. “ಅದ್ಕೇ ನಿನ್ನ ಮದಿ ಆಗೂದಿಲ್ಲ. ಆಯಿ, ಅತ್ಗೆ, ಇಬ್ರು ಸಾಕು ನಮ್ಮನೇಲಿ ಕುಂಕುಮ ಅಳಿಸ್ಕಂಡವ್ರು.”

ಇಷ್ಟಪಡುತ್ತೇನೆ ಎಂಬುದನ್ನೂ ಮದುವೆ ಬೇಡ ಎಂಬುದನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ನನಗೆ ಅಳುವಿಗಿಂತ ಸಿಟ್ಟೇ ಮೊದಲು ಬಂತು. ಆದರೂ ಅಂದಿನಿಂದ ನನಗೂ ನೀರು ಬರೀ ನೀರಾಗಿ ಕಾಣಲಿಲ್ಲ. ದಕ್ಕೆಯ ಕಂಬದಲ್ಲಿ ಪಾಚಿ ಅಲುಗಿದರೆ ಬೆರಳು ಆಡಿದಂತೆ ಅನ್ನಿಸಿ, ನಾನೂ ಕಾಲು ಮೇಲೆತ್ತಿಕೊಳ್ಳುತ್ತಿದ್ದೆ.

ಹೊನ್ನಾವರದಲ್ಲಿ ಸಣ್ಣದೊಂದು ಕ್ಲಿನಿಕ್ ಇಟ್ಟಿರುವ ಪ್ರಿಯಂವದಾ ಡಾಕ್ಟ್ರು ನನ್ನ ಗಿರಾಕಿ. ಜ್ವರದಿಂದ ಬಿಪಿಯವರೆಗೆ ಎಲ್ಲದಕ್ಕೂ ನಮ್ಮವರು ಹೋಗುವುದು ಅವರಲ್ಲಿಗೇ. ಅವರ ಮನೆ ಮೆಟ್ಟಿಲ ಮೇಲೆ ಮೀನು ಕೊಯ್ಯುತ್ತಾ ಸಂಕಟ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ.

“ಎರಡೂ ಕಾಲಿಗೆ ಗಂಟು ಇದೆಯಾ? ನಾಳೆಯೇ ಕರ್ಕೊಂಡು ಬಾ. ತಾಯಿಯೂ ಬರ್ಲಿ.”

ಬರುವುದಿಲ್ಲ ಎಂದವನನ್ನು ಬೈದು, ಅತ್ತು, ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ. ರಕ್ತ ಕೊಟ್ಟಾಯಿತು. ರಿಪೋರ್ಟ್ ಬಂದ ದಿನ ಅವನ ಆಯಿ ಲಕ್ಕಿಯೂ ನಮ್ಮ ಜೊತೆ ಕೂತಿದ್ದಳು.

“ಕೊಲೆಸ್ಟ್ರಾಲ್ ಅಂತ ಕೇಳಿದ್ದೀರಲ್ಲ? ಅದರಲ್ಲಿ ಕೆಟ್ಟದ್ದು ಇವನಿಗೆ ಬೇರೆಯವರಿಗಿಂತ ಎರಡು ಪಟ್ಟಿಗಿಂತಲೂ ಜಾಸ್ತಿ ಇದೆ,” ಅಂದರು ಡಾಕ್ಟ್ರು. “ರಕ್ತನಾಳದ ಒಳಗೆ ಸದ್ದಿಲ್ಲದೆ ಸೇರ್ತದೆ. ಹಿಮ್ಮಡಿಯ ಹಗ್ಗದಂಥ ಸ್ನಾಯುವಿನಲ್ಲೂ ಸೇರಿ ಹೀಗೆ ಗಂಟಾಗ್ತದೆ.”

“ನಮ್ಮನೇಲಿ ಯಾರೂ ದಪ್ಪ ಇಲ್ಲ ಅಮ್ಮಾ. ಎಣ್ಣೆನೂ ಹೆಚ್ಚು ಹಾಕೂದಿಲ್ಲ,” ಎಂದಳು ಲಕ್ಕಿ, ತಪ್ಪು ತನ್ನದೇ ಎಂಬಂತೆ.

“ಇದು ತಿಂದು ಬಂದದ್ದಲ್ಲ ಲಕ್ಕಿ. ಕೆಲವು ಮನೆತನದಲ್ಲಿ ಹುಟ್ಟುವಾಗಲೇ ಬರ್ತದೆ. ಒಂದು ಕೇಳ್ತೇನೆ, ನಿಮ್ಮ ಮಾವನಿಗೂ ಈ ಗಂಟು ಇತ್ತಾ?”

ಲಕ್ಕಿ ತನ್ನ ಅಂಗೈಯನ್ನೇ ನೋಡಿಕೊಂಡಳು.

“ಇತ್ತು. ಮದಿ ದಿನ ಕಾಲಿಗೆ ಬಿದ್ದಾಗ ಕೈಗೆ ಸಿಕ್ಕಿತ್ತು.” ಅವಳು ತಲೆಯೆತ್ತಿದಳು. “ಮಾವ ಜೀವಂತ ಇರೂವಾಗ್ಲೇ ಇತ್ತು. ಹಂಗಾರೆ ಅವ್ರನ್ನ ಯಾರು ಹಿಡ್ದಿದ್ರು?”

ಅಳಿವೆಯಲ್ಲಿ ದೋಣಿ ಮಗುಚುವ ಮೊದಲೇ ಶನಿಯಾರಜ್ಜನ ಎದೆ ನಿಂತಿತ್ತೇನೋ. ಈಗ ಹೇಳುವವರು ಯಾರು?

“ಪ್ರತಿ ಅಮಾಸೆಗೆ ಅಳಿವೆಗೆ ಹೋಗಿ ಅವ್ರಿಗೆ ಶಾಪ ಹಾಕಿ ಬರ್ತಿದ್ದೆ,” ಎಂದು ಲಕ್ಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ವಿನೋದ ತಾಯಿಯ ಬೆನ್ನ ಮೇಲೆ ಕೈಯಿಟ್ಟ.

ಡಾಕ್ಟ್ರು ದಿನಾ ತಪ್ಪದೆ ತೆಗೆದುಕೊಳ್ಳಬೇಕಾದ ಗುಳಿಗೆ ಬರೆದರು. ನೋವಿಲ್ಲ ಎಂದು ಬಿಡಬಾರದು, ಇದು ಜೀವನಪೂರ್ತಿ. ಸಿಗರೇಟು ಇವತ್ತಿಗೇ ಬಂದ್. ಹೃದಯದ ಪರೀಕ್ಷೆಯೂ ಆಗಬೇಕು, ರಾಜೇಶನ ಮಗಳ ರಕ್ತವನ್ನೂ ನೋಡಬೇಕು ಎಂದರು.

ಹೃದಯದ ಪರೀಕ್ಷೆಯಲ್ಲಿ ಸದ್ಯಕ್ಕೆ ತೊಂದರೆ ಕಾಣಲಿಲ್ಲ. ಮಳೆಗಾಲ ಕಳೆದು ಬೋಟು ಮತ್ತೆ ಇಳಿಯುವ ಹೊತ್ತಿಗೆ ರಿಪೋರ್ಟಿನ ಅಂಕಿ ಅರ್ಧಕ್ಕೆ ಇಳಿದಿತ್ತು. ಆ ಸಂಜೆ ಅವನನ್ನು ಹುಡುಕಿಕೊಂಡು ದಕ್ಕೆಗೆ ಹೋದೆ. ಅವನು ಕಾಲು ಮಡಚಿಯೇ ಕೂತಿದ್ದ.

“ಗಂಟು ಹಂಗೇ ಉಂಟು,” ಅಂದ.

“ಅದು ಕರಗೂಕೆ ವರ್ಷಗಟ್ಲೆ ಬೇಕು ಅಂದಿದ್ರಲ್ಲ ಡಾಕ್ಟ್ರು.”

“ಅಜ್ಜ ಅಲ್ಲ ಅಂತ ತಲೆಗೆ ಗೊತ್ತಾತು. ಕಾಲಿಗೆ ಇನ್ನೂ ಗೊತ್ತಾಗ್ಲಿಲ್ಲ.” ಅವನು ನೀರು ನೋಡಿದ. “ನಾಳೆ ನಂಗೆ ಏನೂ ಆಗೂದಿಲ್ಲ ಅಂತ ಡಾಕ್ಟ್ರು ಗ್ಯಾರಂಟಿ ಕೊಟ್ರಾ?”

“ಸಮುದ್ರ ಕೊಟ್ಟಿತ್ತಾ? ದಿನಾ ಹೋಗೂದಿಲ್ವಾ ನೀನು?”

ನಾನು ಬಗ್ಗಿ ಅವನ ಹಿಮ್ಮಡಿಯನ್ನು, ಗಂಟಿನ ಸಮೇತ, ಮುಷ್ಟಿಯಲ್ಲಿ ಹಿಡಿದೆ. ಈ ಸಲ ಅವನು ಕಾಲು ಎಳೆದುಕೊಳ್ಳಲಿಲ್ಲ.

“ಇಲ್ಲಿ ಯಾರಾದ್ರೂ ಹಿಡೀಲೇಬೇಕು ಅಂದ್ರೆ ನಾನು ಹಿಡ್ಕಳ್ತೆ. ಎಳೆಯೂದು ಮಾತ್ರ ಮನೆ ಬದಿಗೆ.”

ಅವನ ಕಣ್ಣು ತುಂಬಿತು. ಆಮೇಲೆ ನಿಧಾನವಾಗಿ ಒಂದು ಕಾಲು, ಮತ್ತೊಂದು ಕಾಲು ನೀರಿಗೆ ಬಿಟ್ಟ. ಪಕ್ಕದಲ್ಲಿ ನಾನೂ ಬಿಟ್ಟೆ. ಕೆಳಗೆ ಏನೋ ತಣ್ಣಗೆ ನಮ್ಮ ಕಾಲು ಸವರಿಕೊಂಡು ಹೋಯಿತು. ಪಾಚಿಯೇ ಇರಬೇಕು. ಅವನು ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದ, ಕಾಲು ಮಾತ್ರ ಎತ್ತಲಿಲ್ಲ.

“ರಾತ್ರಿ ಗುಳಿಗೆ ನೆನಪು ಮಾಡೂಕೆ ಮನೇಲಿ ಒಬ್ರು ಬೇಕಾಗಿತ್ತು,” ಅಂದ ಕೊನೆಗೆ. “ಆಯಿಗೆ ಮರವು.”

“ಮದಿ ಕೇಳೂ ರೀತಿಯಾ ಇದು?”

“ಹೌದು.”

ಕತ್ತಲಾಗುತ್ತಿತ್ತು. ಅಳಿವೆಯ ಕಡೆಯಿಂದ ಎಂದಿನ ಮೊರೆತ ಕೇಳುತ್ತಿತ್ತು.

“ಆತು,” ಅಂದೆ.